ಕದ್ದವನಿಗೆ ಕೇಳುವ ಬಾಯಿ ಎಲ್ಲಿದೆ?

ಕನ್ನಡದ ತರುಣರೇ,

ನಿಮ್ಮ ಕಂಪ್ಯೂಟರಿನಲ್ಲಿರುವ ತಂತ್ರಾಂಶಗಳಲ್ಲಿ ಎಷ್ಟಕ್ಕೆ ದುಡ್ಡು ಕೊಟ್ಟಿದ್ದೀರಿ? ಎದೆ ಮುಟ್ಟಿಕೊಂಡು ಹೇಳಿ! ಬೆಂಗಳೂರಿನ ಹುಡುಗನದೂ ಹುಬ್ಬಳ್ಳಿಯ ಹುಡುಗನದೂ ಒಂದೇ ಉತ್ತರ: "ಆ ಬೆಲೆಗೆ ಯಾರು ಕೊಳ್ತಾರೆ ಸಾರ್? ಅವರೇ ಲೂಟಿಕೋರರು. ನಾವು ಕದ್ದರೆ ತಪ್ಪೇನು?"

ಬೆಲೆಯ ಮಾತು ಸುಳ್ಳಲ್ಲ. ಉಳವಿ ಕಡೆಯಲ್ಲಿ ಸಣ್ಣ ಮುದ್ರಣಾಲಯ ನಡೆಸುವ ನನಗೆ ಅದು ಚೆನ್ನಾಗಿಯೇ ಗೊತ್ತು. ಜಾತ್ರೆಯ ಕರಪತ್ರ, ಮದುವೆ ಕಾರ್ಡು, ರಸೀದಿ ಪುಸ್ತಕ... ಇಷ್ಟರಲ್ಲೇ ನಮ್ಮ ವರ್ಷ ಕಳೆಯಬೇಕು. ಡಾಲರಿನಲ್ಲಿ ಯೋಚಿಸುವ ಕಂಪನಿ ಕಟ್ಟಿದ ಬೆಲೆ, ಅದರ ಮೇಲೆ ನಡುವಿನ ವ್ಯಾಪಾರಿಯ ಲಾಭ, ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ. ಸಾಲದ್ದಕ್ಕೆ 2013ರಲ್ಲಿ ಅಡೋಬಿ ಕಂಪನಿ ಹೊಸ ಆವೃತ್ತಿಗಳನ್ನು ಮಾರುವುದು ಬಿಟ್ಟು ಬಾಡಿಗೆಗೆ ಕೊಡಲು ಶುರುಮಾಡಿತು. ಬಾಡಿಗೆ ನಿಂತರೆ ಕೆಲಸವೂ ನಿಂತಿತು! ಇದು ಸುಲಿಗೆಯೇ. ಬೈಯಿರಿ, ನಾನೂ ದನಿಗೂಡಿಸುತ್ತೇನೆ.

ಆದರೆ ನೀವು ಕದ್ದದ್ದರಿಂದ ಸುಲಿಗೆಗಾರನಿಗೆ ಏನಾಯಿತು? ಜನ ತನ್ನ ಬೇಸಿಕ್ ತಂತ್ರಾಂಶವನ್ನು ಕದಿಯುತ್ತಿದ್ದಾರೆಂದು ಬಿಲ್ ಗೇಟ್ಸ್ 1976ರಲ್ಲೇ ಬಹಿರಂಗ ಪತ್ರ ಬರೆದು ಗೋಳಾಡಿದ್ದರು. ಅವರ ಕಂಪನಿ ಮುಳುಗಿತೇ? ಜಗತ್ತಿನ ದೊಡ್ಡ ಕಂಪನಿಗಳಲ್ಲಿ ಒಂದಾಯಿತು! ಕದ್ದ ಫೋಟೋಶಾಪಿನಲ್ಲಿ ಕೈ ಪಳಗಿಸಿಕೊಂಡ ಹುಡುಗ ನಾಳೆ ಕೆಲಸಕ್ಕೆ ಸೇರಿದ ಕಡೆಯೂ ಫೋಟೋಶಾಪನ್ನೇ ಕೇಳುತ್ತಾನೆ. ಕಳ್ಳ ಪ್ರತಿ ದೈತ್ಯನಿಗೆ ಬಿಟ್ಟಿ ಪ್ರಚಾರ.

ಹೊಡೆತ ಬೀಳುವುದು ಯಾರಿಗೆ? ಕನ್ನಡ ಅಕ್ಷರ ಮಾಡುವವನಿಗೆ! ಪುಣೆಯ ಶ್ರೀಲಿಪಿ, ಬೆಂಗಳೂರಿನ ಆಕೃತಿ, ಪ್ರಕಾಶಕ್ ತಂತ್ರಾಂಶಗಳನ್ನು ನೆನಪಿಸಿಕೊಳ್ಳಿ. ಮೊಳೆ ಜೋಡಿಸುವ ಕಾಲದಲ್ಲಿ ಮುದ್ರಕರು ಅಕ್ಷರವನ್ನು ತೂಕ ಹಾಕಿಸಿ ಕೊಂಡು ತರುತ್ತಿದ್ದರು. ಸೀಸವನ್ನು ನಕಲು ಮಾಡಲಾಗದು. ಕಂಪ್ಯೂಟರಿನ ಅಕ್ಷರವನ್ನು ಕ್ಷಣದಲ್ಲಿ ನಕಲಿಸಬಹುದು. ಅದಕ್ಕೇ ಶ್ರೀಲಿಪಿಯವರು ಕಂಪ್ಯೂಟರಿಗೆ ಸಿಕ್ಕಿಸುವ ಬೀಗವನ್ನೇ ಕೊಡಬೇಕಾಯಿತು. ಕನ್ನಡ ಫಾಂಟಿಗೆ ಅಮೆರಿಕದಲ್ಲಿ ಗಿರಾಕಿ ಇದ್ದಾನೆಯೇ? ಅದರ ಸಂತೆ ಇದೇ ಕರ್ನಾಟಕ. ಇಲ್ಲೇ ಕದ್ದರೆ ಅದನ್ನು ಮಾಡಿದವನು ಎಲ್ಲಿಗೆ ಹೋಗಬೇಕು?

ಇನ್ನೊಂದು ನಷ್ಟ ಇನ್ನೂ ದೊಡ್ಡದು. ಕದ್ದ ಪ್ರತಿ ಯಾವ ಕಂಪನಿಯ ಮಾರಾಟದ ಲೆಕ್ಕಕ್ಕೂ ಸಿಗುವುದಿಲ್ಲ. "ನಿಮ್ಮ ತಂತ್ರಾಂಶದಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತಿಲ್ಲ" ಎಂದು ದೂರು ಕೊಡಲು ಕದ್ದವನಿಗೆ ಬಾಯಿ ಇದೆಯೇ? ಗಿರಾಕಿಯಾದವನು ಜಗಳ ಕಾಯಬಹುದು. ಕಳ್ಳ ತೆಪ್ಪಗಿರಬೇಕು.

ಪರಿಣಾಮ ಕಣ್ಣೆದುರಿಗಿದೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಆದರೂ ನಾಡಿನ ಎಷ್ಟೋ ಡಿ.ಟಿ.ಪಿ. ಅಂಗಡಿಗಳಲ್ಲಿ ಇಂದಿಗೂ ಅದೇ ಓಡುತ್ತಿದೆ. ಬಿಟ್ಟಿ ಸಿಕ್ಕದ್ದನ್ನು ಬಿಡಲು ಮನಸ್ಸಿಲ್ಲ! ಅದರಲ್ಲಿ ಕೂರಿಸಿದ ಕನ್ನಡ, ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದರೆ ಬರೀ ಚಿಹ್ನೆಗಳ ಕಸ. ಅಂತರ್ಜಾಲದಲ್ಲಿ ಹುಡುಕಿದರೆ ಸಿಗದು.

ಕಾನೂನೂ ಇದೆ, ಮರೆಯಬೇಡಿ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಲ್ಲಿ 63ಬಿ ಕಲಮು ಸೇರಿತು. ಕಳ್ಳ ಪ್ರತಿಯೆಂದು ಗೊತ್ತಿದ್ದೂ ವ್ಯಾಪಾರಕ್ಕೆ ಬಳಸಿದರೆ 7 ದಿನದಿಂದ 3 ವರ್ಷದ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಕಂಪ್ಯೂಟರ್ ಮಾರಿದವನು "ಎಲ್ಲಾ ಹಾಕಿಕೊಟ್ಟಿದ್ದೀನಿ, ಫ್ರೀ" ಎನ್ನುತ್ತಾನೆ. ಅತ್ತೆಯ ದುಡ್ಡು ಅಳಿಯ ದಾನ ಮಾಡಿದ! ಸಿಕ್ಕಿಬೀಳುವ ಕಂಪ್ಯೂಟರ್ ಮಾತ್ರ ನಿಮ್ಮ ಮೇಜಿನದು.

ಹಾಗಾದರೆ ನಕಲು ಮಾಡುವುದೇ ಪಾಪವೇ? ಖಂಡಿತ ಅಲ್ಲ. ನಮ್ಮ ಉಳವಿ ಚನ್ನಬಸವಣ್ಣನವರ ಐಕ್ಯಸ್ಥಳ. 12ನೇ ಶತಮಾನದಲ್ಲಿ ಕಲ್ಯಾಣ ಬಿಟ್ಟ ಶರಣರು ವಚನದ ಕಟ್ಟುಗಳನ್ನು ಹೊತ್ತು ಈ ಕಾಡಿಗೆ ಬಂದರೆಂದು ಜನ ನಂಬಿದ್ದಾರೆ. ವಚನಗಳು ಉಳಿದದ್ದೇ ಓಲೆಯಿಂದ ಓಲೆಗೆ ನಕಲಾಗಿ. ಹಂಚಲೆಂದು ಕೊಟ್ಟದ್ದನ್ನು ನಕಲಿಸಿದರೆ ದಾಸೋಹ. ದುಡಿದವನು ಬೆಲೆ ಕಟ್ಟಿ ಇಟ್ಟದ್ದನ್ನು ಕೇಳದೆ ಎತ್ತಿಕೊಂಡರೆ ಅವನ ಕಾಯಕಕ್ಕೆ ಮಾಡಿದ ಅಪಮಾನ.

ಕನ್ನಡದಲ್ಲಿ ಇಂಥ ದಾಸೋಹಕ್ಕೆ ಬರವಿಲ್ಲ. ಶೇಷಾದ್ರಿವಾಸು 1998ರಲ್ಲಿ 'ಬರಹ'ವನ್ನು ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತಿನ 'ನುಡಿ' ಉಚಿತ. ಅದರ ಕೀಲಿಮಣೆ ನಿಂತಿರುವುದು ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ. 'ಗುಬ್ಬಿ', 'ನವಿಲು' ಯೂನಿಕೋಡ್ ಫಾಂಟುಗಳು ಎಲ್ಲರಿಗೂ ಮುಕ್ತ. ಪುಟ ಕಟ್ಟಲು ಸ್ಕ್ರೈಬಸ್ ಇದೆ. 2024ರಲ್ಲಿ ಬಂದ ಅದರ 1.6ನೇ ಆವೃತ್ತಿ ನಮ್ಮ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ಕಲಿಯಲು ಬೆವರು ಸುರಿಸಬೇಕು, ನಿಜ. ಬೆವರಿಗೆ ಹೆದರುವವನು ಭಾಷೆಗಾಗಿ ಏನು ಹೋರಾಡಿಯಾನು?

ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯುವ ನಮ್ಮ ಉತ್ಸಾಹದ ಹತ್ತರಲ್ಲೊಂದು ಪಾಲು ಇಲ್ಲಿಗೂ ಬರಲಿ. ಸರ್ಕಾರದ ಹಣದಲ್ಲಿ ಒಳ್ಳೆಯ ಯೂನಿಕೋಡ್ ಫಾಂಟುಗಳು ಇನ್ನೂ ಹೆಚ್ಚು ತಯಾರಾಗಬೇಕು, ಎಲ್ಲರಿಗೂ ಮುಕ್ತವಾಗಿ ಸಿಗಬೇಕು. ಪ್ರತಿ ತಾಲ್ಲೂಕಿನ ಮುದ್ರಕರಿಗೆ, ಡಿ.ಟಿ.ಪಿ. ಹುಡುಗರಿಗೆ ತರಬೇತಿ ಸಿಗಬೇಕು. ಮನವಿ ಕೊಡಿ, ಘೇರಾವ್ ಮಾಡಿ, ಬಿಡಬೇಡಿ!

ಬೆಲೆ ಹೆಚ್ಚಾಯಿತೇ? ಕೊಳ್ಳಬೇಡಿ, ಬಳಸಲೂಬೇಡಿ. ಅದು ಬಹಿಷ್ಕಾರ. ಕಂಪನಿಗೆ ಬಿಸಿ ತಟ್ಟುವುದು ಅದರಿಂದಲೇ. ಬೈಯುತ್ತಲೇ ಕದ್ದು ಬಳಸುವವನು ಅದೇ ಕಂಪನಿಯ ಸಂಬಳವಿಲ್ಲದ ಆಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಕನ್ನಡದ ಮಾನವನ್ನು ಒಂದು ಕಳ್ಳ ಸಿ.ಡಿ.ಗೆ ಮಾರಬೇಡಿ!

— ಉಳವಿ ಕಡೆಯ ಒಬ್ಬ ಮುದ್ರಕ