ತವರಿನ ಹಿರಿಯರಿಗೂ ಒಂದು ಎಡೆ ಇರಲಿ

ಭಾದ್ರಪದ ಹುಣ್ಣಿಮೆ ಮುಗಿಯಿತೆಂದರೆ ಪಕ್ಷದ ಗಡಿಬಿಡಿ ಶುರು. ಹೋಳಿಗೆಗೆ ಬೇಳೆ, ವಡೆಗೆ ಉದ್ದು, ಖೀರಿಗೆ ಹಾಲು ಅಂತ ಲಿಸ್ಟ್ ಬರೆಯುವವರು ನಾವೇ. ನಸುಕಿಗೆ ಎದ್ದು ಸ್ನಾನ ಮಾಡಿ ಒಲೆ ಹಚ್ಚುವವರೂ ನಾವೇ. ಆದರೆ ಎಡೆ ಇಟ್ಟು ಹೆಸರು ಹೇಳುವ ಹೊತ್ತಿಗೆ ಬರುವುದು ಗಂಡನ ಮನೆಯ ಹಿರಿಯರ ಹೆಸರು ಮಾತ್ರ. ಅಷ್ಟೂ ಅಡುಗೆ ಮಾಡಿದವಳ ಅಪ್ಪ-ಅವ್ವನ ಹೆಸರು ಎಲ್ಲಿ ಹೋಯಿತು?

‘ಅದಕ್ಕೇನ್ರೀ, ತವರಮನ್ಯಾಗ ಅಣ್ಣ-ತಮ್ಮ ಮಾಡ್ತಾರಲ್ಲ’ ಅನ್ನಬಹುದು. ಸರಿ. ಅಣ್ಣ-ತಮ್ಮಂದಿರೇ ಇಲ್ಲದವರು ಏನು ಮಾಡಬೇಕು? ಭಾತಂಬ್ರಾದಲ್ಲೋ ಅಕ್ಕಪಕ್ಕದ ಹಳ್ಳಿಯಲ್ಲೋ ಹುಟ್ಟಿ, ಮದುವೆಯಾಗಿ ಬೀದರ್, ಹೈದರಾಬಾದ್, ಪುಣೆ ಸೇರಿದ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಎಷ್ಟೋ ಜನರ ತವರಿಗೆ ಬೀಗ ಬಿದ್ದಿದೆ. ಅಪ್ಪ-ಅವ್ವನ ಹೆಸರಿನಲ್ಲಿ ಒಂದು ಅಗುಳು ಇಡಲು ಇವರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಇವರಿಗೋ, ‘ನೀ ಕೊಟ್ಟ ಹೆಣ್ಣು, ನಿನಗೆ ಬರಂಗಿಲ್ಲ’ ಎಂಬ ಮಾತು.

ಇಷ್ಟಕ್ಕೂ ಪಕ್ಷ ಮಾಡುವುದು ಯಾಕೆ? ಮಾಡದಿದ್ದರೆ ಪಿತೃದೋಷ ತಟ್ಟುತ್ತದೆ, ಮಕ್ಕಳ ಮದುವೆ ನಿಲ್ಲುತ್ತದೆ ಎಂಬ ಭಯಕ್ಕೇ? ಭಯದಿಂದ ಇಟ್ಟ ಎಡೆಯಲ್ಲಿ ಪ್ರೀತಿ ಎಲ್ಲಿರುತ್ತದೆ ಹೇಳಿ. ನನ್ನ ಪ್ರಕಾರ ಇದರ ಉದ್ದೇಶ ಒಂದೇ: ನಮ್ಮನ್ನು ಹುಟ್ಟಿಸಿ ಬೆಳೆಸಿದವರ ಹೆಸರು ಮನೆಯಲ್ಲಿ ಅಳಿಯಬಾರದು. ಶ್ರಾದ್ಧ, ತರ್ಪಣ ಒಪ್ಪದ ಲಿಂಗಾಯತ ಮನೆಗಳಲ್ಲೂ ಹಿರಿಯರ ಪುಣ್ಯಸ್ಮರಣೆ ಇದ್ದೇ ಇದೆ. ವಿಧಾನ ಬೇರೆ, ಭಾವ ಒಂದೇ. ನೆನೆಯುವುದೇ ಉದ್ದೇಶವಾದರೆ ಮಗಳಿಗಿಂತ ಹೆಚ್ಚು ನೆನೆಯುವವರು ಯಾರು?

ಇದು ಇವತ್ತಿನ ಹೊಸ ವಾದವೇನಲ್ಲ. ನಮ್ಮ ಜಿಲ್ಲೆಯ ಬಸವಕಲ್ಯಾಣ ಅಂದು ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ವಿಜ್ಞಾನೇಶ್ವರ ಅಲ್ಲಿ ‘ಮಿತಾಕ್ಷರ’ ಬರೆದ. ‘ಸಪಿಂಡ’ ಅಂದರೆ ಯಾರು ಎಂದು ವಿವರಿಸುವಾಗ, ಇಲ್ಲಿ ಪಿಂಡ ಅಂದರೆ ಅನ್ನದ ಉಂಡೆಯಲ್ಲ, ದೇಹ ಎಂದ. ಒಂದೇ ದೇಹದ ಅಂಶ ಹಂಚಿಕೊಂಡವರು ಸಪಿಂಡರು. ತಂದೆಯಿಂದಲೂ ಹೌದು, ತಾಯಿಯಿಂದಲೂ ಹೌದು. ಗಂಡುಮಕ್ಕಳಿಲ್ಲದವನ ಆಸ್ತಿ ಮೊದಲು ಹೆಂಡತಿಗೆ, ನಂತರ ಹೆಣ್ಣುಮಕ್ಕಳಿಗೆ ಎಂದೂ ಅದೇ ಗ್ರಂಥ ಹೇಳುತ್ತದೆ. ಮದುವೆಯಾದ ಮೇಲೆ ಗೋತ್ರ ಬದಲಾಗಬಹುದು, ಮೈಯಲ್ಲಿ ಹರಿಯುವ ರಕ್ತ ಬದಲಾಗುತ್ತದೆಯೇ?

ಗಂಡುಮಕ್ಕಳಿದ್ದ ಮನೆಯಲ್ಲಿ ಮಗಳಿಗೆ ಸಮಪಾಲು ಸಿಗಲು ಮಾತ್ರ ಬಹಳ ಕಾಲ ಕಾಯಬೇಕಾಯಿತು. ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಕಾನೂನು ತಿದ್ದುಪಡಿಯಾಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸ್ಪಷ್ಟಪಡಿಸಿತು. ಹೊಲದಲ್ಲಿ ಪಾಲು ಇರುವ ಮಗಳಿಗೆ ಎಡೆಯಲ್ಲಿ ಪಾಲಿಲ್ಲವೆಂದರೆ ಹೇಗೆ?

ಹಾಗಂತ ಅತ್ತೆಯವರ ಜತೆ ಜಗಳಕ್ಕೆ ನಿಲ್ಲಬೇಡಿ. ಸಂಪ್ರದಾಯದಲ್ಲೇ ದಾರಿಗಳಿವೆ. ಮಹಾಲಯದ ತರ್ಪಣದಲ್ಲಿ ಹೆಸರು ಹೇಳಬೇಕಾದವರ ಪಟ್ಟಿ ದೊಡ್ಡದು. ತಾಯಿಯ ತಂದೆ-ತಾಯಿ, ಸೋದರಮಾವ, ಗುರು, ಗೆಳೆಯ ಎಲ್ಲರೂ ಅದರಲ್ಲಿದ್ದಾರೆ. ‘ಶ್ವಶುರ’, ಅಂದರೆ ಹೆಂಡತಿಯ ತಂದೆಯೂ ಇದ್ದಾರೆ! ನಿಮ್ಮ ಅಪ್ಪ ತೀರಿಕೊಂಡಿದ್ದರೆ ಅವರ ಹೆಸರನ್ನೂ ಸೇರಿಸಲು ಯಜಮಾನರಿಗೆ ಹೇಳಿ. ಪೂಜೆಗೆ ಬರುವ ಆಚಾರ್ಯರನ್ನೂ ಮೊದಲೇ ಕೇಳಿಕೊಳ್ಳಿ. ಮುತ್ತೈದೆಯಾಗಿ ಹೋದ ತಾಯಿಗೆ ಅವಿಧವಾ ನವಮಿ ಇದೆ. ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆ ಇದೆ. ಮರುದಿನ, ನವರಾತ್ರಿಯ ಪಾಡ್ಯದಂದು, ಮಗಳ ಮಗ ತಾಯಿಯ ತಂದೆಗೆ ತರ್ಪಣ ಕೊಡುವ ಪದ್ಧತಿಯೂ ಇದೆ.

ಇದಾವುದೂ ನಿಮ್ಮ ಮನೆಯಲ್ಲಿ ಇಲ್ಲವೇ? ಗಂಡನ ಮನೆಯ ಹಿರಿಯರ ಎಡೆಯ ಪಕ್ಕದಲ್ಲೇ ಇನ್ನೊಂದು ಎಲೆ ಹಾಕಿ. ‘ಅತ್ತಿ, ನಮ್ಮಪ್ಪಗ, ನಮ್ಮವ್ವಗೂ ಇವತ್ತೊಂದು ಎಡಿ ಇಡ್ತೀನ್ರಿ’ ಅಂತ ಮೆತ್ತಗೆ ಹೇಳಿ ನೋಡಿ. ಅತ್ತೆಯವರೂ ಒಂದು ಮನೆಯ ಮಗಳೇ ಅಲ್ಲವೇ? ಅವರ ತಂದೆ-ತಾಯಿಯ ಹೆಸರನ್ನೂ ಕೇಳಿ, ಅದೇ ಎಲೆಗೆ ಅವರ ಕೈಯಿಂದಲೂ ಒಂದು ಹೋಳಿಗೆ ಬಡಿಸಿ. ಬೇಡ ಅನ್ನಲು ಅವರಿಗೂ ಮನಸ್ಸು ಬರಲಿಕ್ಕಿಲ್ಲ.

ಇನ್ನೊಂದು ಕೆಲಸ ಈ ವರ್ಷವೇ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಎರಡೂ ಕಡೆಯ ಮೂರು ತಲೆಮಾರಿನ ಹೆಸರು ಬರೆದಿಡಿ, ಹೆಂಗಸರ ಹೆಸರನ್ನಂತೂ ತಪ್ಪದೇ ಬರೆಯಿರಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಸೊಸೆಗೆ ಹೊಸ ಹೆಸರು ಬರೆಯುತ್ತಿದ್ದರು. ಹುಟ್ಟಿದ ಹೆಸರು ಅಂದಿಗೇ ಮುಗಿಯಿತು. ನಿಮ್ಮ ಅಜ್ಜಿಯ ಹುಟ್ಟುಹೆಸರು ನಿಮಗೆ ಗೊತ್ತೇ? ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ ಅನ್ನುವುದಾದರೆ ಇವತ್ತೇ ಫೋನ್ ಮಾಡಿ. ಅವರೂ ಹೋದ ಮೇಲೆ ಎಡೆ ಇಡಲು ಕೈ ಇರುತ್ತದೆ, ಹೇಳಲು ಹೆಸರೇ ಇರುವುದಿಲ್ಲ.