ಉತ್ತರ ಉಳಿಯಿತು, ಪ್ರಶ್ನೆ ಎಲ್ಲಿ ಹೋಯಿತು?



ಬಸವ ಜಯಂತಿ ಹತ್ತಿರವಾದಂತೆ ಹಲಸೂರು, ಇಂದಿರಾನಗರ, ಕೃಷ್ಣರಾಜಪುರ ಕಡೆಯ ನಮ್ಮ ಬಳಗಗಳಿಂದ ವಚನ ಕಂಠಪಾಠ ಸ್ಪರ್ಧೆಯ ಪ್ರಕಟಣೆಗಳು ಪತ್ರಿಕೆಗೆ ಬರುತ್ತವೆ. ಎಷ್ಟು ವಚನಕ್ಕೆ ಎಷ್ಟು ಅಂಕ, ಉಚ್ಚಾರಣೆಗೆ ಎಷ್ಟು, ಮೊದಲ ಬಹುಮಾನವೇನು ಎಂಬ ವಿವರ ಅವುಗಳಲ್ಲಿರುತ್ತದೆ. ತಮಿಳು, ಉರ್ದು, ತೆಲುಗು, ಇಂಗ್ಲಿಷುಗಳ ನಡುವೆ ದಂಡು ಪ್ರದೇಶದಲ್ಲಿ ಬೆಳೆಯುವ ಮಕ್ಕಳ ಬಾಯಲ್ಲಿ ಶರಣರ ಕನ್ನಡ ಉಳಿಯಲಿ ಎಂಬ ತಂದೆತಾಯಿಯರ ಹಂಬಲ ನನಗೆ ತಿಳಿಯುತ್ತದೆ. ಆ ಹಂಬಲ ಸರಿಯಾದದ್ದೇ. ಆದರೆ ಬಾಯಿಪಾಠ ಮತ್ತು ಬಹುಮಾನ ಎರಡೂ ಸೇರಿದರೆ ಮಹಾತ್ಮರ ಮಾತಿಗೆ ಏನಾಗುತ್ತದೆ ಎಂಬುದನ್ನು ನೋಡಲು ನಮ್ಮ ಮುಂದೆ ಒಂದು ದೊಡ್ಡ ನಾಡಿನ ಅನುಭವವಿದೆ. ಅದು ಚೀನಾದ ಸಾಹಿತ್ಯದ ಕಥೆ.

ಚೀನಾ ನಮಗೆ ತೀರಾ ಹೊರಗಿನದೇನಲ್ಲ. ನಮ್ಮ ಫ್ರೇಜರ್ ಟೌನಿಗೆ ಇಂದು ಪುಲಿಕೇಶಿನಗರ ಎಂಬ ಹೆಸರಿದೆ. ಆ ಇಮ್ಮಡಿ ಪುಲಿಕೇಶಿಯ ನಾಡಿಗೆ 7ನೇ ಶತಮಾನದಲ್ಲಿ ಬಂದು, ಇಲ್ಲಿಯ ಜನ ಉಪಕಾರ ಮರೆಯದವರು, ಅವಮಾನ ಸಹಿಸದವರು ಎಂದು ಬರೆದಿಟ್ಟವನು ಚೀನಾದ ಬೌದ್ಧ ಭಿಕ್ಷು ಹ್ಯುಯೆನ್ ತ್ಸಾಂಗ್. ಅವನು 645ರಲ್ಲಿ 657 ಗ್ರಂಥಗಳನ್ನು ಹೊತ್ತು ತನ್ನ ನಾಡಿಗೆ ಮರಳಿದ. ಉಳಿದ ಆಯುಷ್ಯವನ್ನು ಅವುಗಳ ಅನುವಾದಕ್ಕೆ ಸವೆಸಿದ. ನಮ್ಮ ಕಾಲದಲ್ಲಿ ಯು.ಆರ್. ಅನಂತಮೂರ್ತಿಯವರು ಲಾವೋತ್ಸೆಯ 'ದಾವ್ ದ ಜಿಂಗ್' ಕೃತಿಯನ್ನು ಕನ್ನಡಕ್ಕೆ ತಂದರು. ಅಲ್ಲಮನ ಬಯಲನ್ನು ಕೇಳಿ ಬಲ್ಲವರಿಗೆ ಲಾವೋತ್ಸೆ ಹೇಳುವ ಬರಿದು ಅಪರಿಚಿತವೆನಿಸುವುದಿಲ್ಲ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ನಮ್ಮ ಬಯಲಿನ ದಾರಿಯಲ್ಲಿ ಇಷ್ಟಲಿಂಗವಿದೆ, ಜಂಗಮವಿದೆ, ಕಾಯಕ ದಾಸೋಹಗಳಿವೆ. ಆದರೂ ಮಾತಿನ ಮಿತಿಯನ್ನು ಇಬ್ಬರೂ ಬಲ್ಲರು.

ಚೀನೀ ಸಾಹಿತ್ಯದ ಬೇರು ಹಾಡಿನಲ್ಲಿದೆ, ಸಂವಾದದಲ್ಲಿದೆ. ಅವರ ಅತ್ಯಂತ ಹಳೆಯ ಸಂಕಲನದಲ್ಲಿ 305 ಹಾಡುಗಳಿವೆ. ರಾಜರ ಸ್ತುತಿಯ ಜೊತೆಗೆ ಹೊಲದ ದುಡಿಮೆ, ಯುದ್ಧಕ್ಕೆ ಹೋದವನ ಸಂಕಟ, ಹೆಣ್ಣಿನ ಅಳಲು ಅಲ್ಲಿವೆ. ಕ್ರಿ.ಪೂ. 551ರಿಂದ 479ರವರೆಗೆ ಬಾಳಿದ ಕನ್ಫ್ಯೂಷಿಯಸ್ಸನ ಮಾತುಗಳನ್ನು ಶಿಷ್ಯಪರಂಪರೆಯವರು ಆಮೇಲೆ ಕೂಡಿಸಿದರು. ಅದು ಬಹುಮಟ್ಟಿಗೆ ಪ್ರಶ್ನೋತ್ತರ. ಒಂದೆಡೆ ಇಬ್ಬರು ಶಿಷ್ಯರು ಒಂದೇ ಪ್ರಶ್ನೆ ಕೇಳುತ್ತಾರೆ: ಸರಿಯಾದುದನ್ನು ಕೇಳಿದ ಕೂಡಲೇ ಮಾಡಬೇಕೇ? ಒಬ್ಬನಿಗೆ ಗುರು ತಾಳು ಎನ್ನುತ್ತಾನೆ, ಇನ್ನೊಬ್ಬನಿಗೆ ಮಾಡು ಎನ್ನುತ್ತಾನೆ. ಮೂರನೆಯವನು ಗೊಂದಲಗೊಂಡು ಕಾರಣ ಕೇಳಿದಾಗ, ಒಬ್ಬ ದುಡುಕಿನವನು, ಇನ್ನೊಬ್ಬ ಹಿಂಜರಿಯುವವನು ಎಂದು ವಿವರಿಸುತ್ತಾನೆ.

ನಮ್ಮ ಶೂನ್ಯಸಂಪಾದನೆಯನ್ನು ಓದಿದವರಿಗೆ ಈ ರೀತಿ ಹೊಸದಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನವರು 15ನೇ ಶತಮಾನದಲ್ಲಿ ಬಿಡಿ ವಚನಗಳನ್ನು ಸಂವಾದವಾಗಿ ಜೋಡಿಸಿದರು. ಅಲ್ಲಿ ಅಲ್ಲಮಪ್ರಭು ಸಿದ್ಧರಾಮನಿಗೆ ಹೇಳಿದ್ದು ಬೇರೆ, ಮುಕ್ತಾಯಕ್ಕನಿಗೆ ಹೇಳಿದ್ದು ಬೇರೆ. ಕೇಳಿದವರು ಯಾರು, ಯಾವ ನೆಲೆಯಲ್ಲಿ ನಿಂತು ಕೇಳಿದರು ಎಂಬುದು ಮರೆತರೆ ಉತ್ತರಕ್ಕೆ ಅರ್ಧ ಅರ್ಥವೇ ಇಲ್ಲ.

ಚೀನಾದ ಮತ್ತೊಬ್ಬ ಜ್ಞಾನಿ ಜುವಾಂಗ್‌ಜಿಯ ಹೆಸರಿನ ಗ್ರಂಥದಲ್ಲಿ ಬಂಡಿಗಾಲಿ ಮಾಡುವ ಮುದುಕನ ಕಥೆಯಿದೆ. ಗ್ರಂಥ ಓದುತ್ತಿದ್ದ ಅರಸನಿಗೆ ಅವನು, ನೀವು ಓದುತ್ತಿರುವುದು ಸತ್ತವರು ಬಿಟ್ಟುಹೋದ ಚರಟ ಎಂದುಬಿಡುತ್ತಾನೆ. ಅರಸ ಸಿಟ್ಟಾದಾಗ ತನ್ನ ಕಾಯಕವನ್ನೇ ಸಾಕ್ಷಿಯಾಗಿ ಮುಂದಿಡುತ್ತಾನೆ: ಉಳಿಯ ಹದ ಕೈಗೆ ಗೊತ್ತು, ಅದನ್ನು ಮಾತಿನಲ್ಲಿ ನನ್ನ ಮಗನಿಗೂ ಕೊಡಲಾರೆ. ಕಾಯಕಜೀವಿಯೊಬ್ಬ ಅರಸನಿಗೆ ಅರಿವು ಹೇಳುವ ಈ ಚಿತ್ರ ಕಲ್ಯಾಣದ ಬೀದಿಯದೇ ಎನಿಸುತ್ತದೆ.

ಈಗ 12ನೇ ಶತಮಾನಕ್ಕೆ ಬರೋಣ. ಕಲ್ಯಾಣದಲ್ಲಿ ಶರಣರು ಕೂಡಿದ್ದ ಆ ಶತಮಾನದಲ್ಲೇ, 1130ರಲ್ಲಿ ಹುಟ್ಟಿದ ಝು ಶಿ ಎಂಬ ಚಿಂತಕ ಚೀನಾದಲ್ಲಿದ್ದ. ಕನ್ಫ್ಯೂಷಿಯಸ್ ಪರಂಪರೆಯ ಗ್ರಂಥಗಳಿಗೆ ಅವನು ಹೊಸ ವ್ಯಾಖ್ಯಾನ ಬರೆದ, ಪಾಳುಬಿದ್ದಿದ್ದ ಶ್ವೇತಮೃಗ ಗುಹೆಯ ಗುರುಕುಲವನ್ನು ಮತ್ತೆ ಕಟ್ಟಿದ. 1181ರಲ್ಲಿ ಅಲ್ಲಿ ಉಪನ್ಯಾಸ ನೀಡಲು ತನ್ನ ವಿಚಾರವನ್ನು ಒಪ್ಪದ ಲು ಜಿಯುಯುವಾನ್‌ನನ್ನೇ ಕರೆದ. ಬಂದವನು ಧರ್ಮ ಮತ್ತು ಲಾಭದ ವಿಷಯ ಎತ್ತಿಕೊಂಡ. ಪರೀಕ್ಷೆ ಪಾಸು ಮಾಡಿ ಅಧಿಕಾರ ಹಿಡಿಯಲೆಂದೇ ಮಹಾತ್ಮರ ಗ್ರಂಥ ಓದುವವನ ಮನಸ್ಸು ಆ ಗ್ರಂಥಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತಿರುತ್ತದೆ ಎಂಬುದು ಅವನ ಮಾತಿನ ತಿರುಳು. ಕೇಳಿದ ಕೆಲವರ ಕಣ್ಣಲ್ಲಿ ನೀರು ಬಂತಂತೆ. ಝು ಶಿ ಆ ಉಪನ್ಯಾಸವನ್ನು ಕಲ್ಲಿನಲ್ಲಿ ಕೆತ್ತಿಸಿದ.

ಮುಂದೆ ನಡೆದದ್ದು ನಮಗೆ ಪಾಠವಾಗಬೇಕು. ಕೊನೆಗಾಲದಲ್ಲಿ ಝು ಶಿಯ ವಿಚಾರವನ್ನು ಸುಳ್ಳು ವಿದ್ಯೆಯೆಂದು ಸರ್ಕಾರ ನಿಷೇಧಿಸಿತು. 1200ರಲ್ಲಿ ಅವನು ಆ ಕಳಂಕ ಹೊತ್ತೇ ತೀರಿಕೊಂಡ. 1313ರಲ್ಲಿ ಅವನ ಅದೇ ವ್ಯಾಖ್ಯಾನ ಸರ್ಕಾರಿ ನೌಕರಿಯ ಪರೀಕ್ಷೆಗೆ ಪಠ್ಯವಾಯಿತು! 1905ರಲ್ಲಿ ಆ ಪರೀಕ್ಷೆಯನ್ನೇ ರದ್ದು ಮಾಡುವವರೆಗೂ ಅದರ ಹಿಡಿತ ತಪ್ಪಲಿಲ್ಲ. ಪರೀಕ್ಷೆಯಿಂದ ಒಳಿತೇ ಆಗಲಿಲ್ಲವೆನ್ನಲಾರೆ. ಬಡವನ ಮಗನಿಗೂ ಅಧಿಕಾರದ ಬಾಗಿಲು ಕೆಲವೊಮ್ಮೆ ತೆರೆಯಿತು. ಹೆಣ್ಣುಮಕ್ಕಳಿಗೆ ಮಾತ್ರ ತೆರೆಯಲಿಲ್ಲ. ಗುರುಶಿಷ್ಯರ ನಡುವೆ ಹುಟ್ಟಿದ್ದ ಜೀವಂತ ಮಾತು ಎಂಟು ಭಾಗದ ಸಿದ್ಧ ಪ್ರಬಂಧವಾಯಿತು. ಪ್ರಶ್ನೆ ಉದುರಿಹೋಗಿ ಉತ್ತರ ಉಳಿಯಿತು.

ಜೀವಂತ ಸಾಹಿತ್ಯ ಎಷ್ಟೋ ಸಲ ಪರೀಕ್ಷೆಯ ಹೊರಗೆ ಹುಟ್ಟಿತು. ಮತ್ತೆ ಮತ್ತೆ ನಪಾಸಾದ ಪು ಸಾಂಗ್‌ಲಿಂಗ್ ಅದ್ಭುತ ಕಥೆಗಳನ್ನು ಬರೆದ. ಆಡುಮಾತಿನಲ್ಲೇ ಬರೆಯೋಣ ಎಂದು 1917ರಲ್ಲಿ ಹು ಷಿ ಕರೆಕೊಟ್ಟ. ನಮ್ಮ ಶರಣರು ಏಳು ಶತಮಾನಕ್ಕೂ ಮೊದಲೇ ಮಾಡಿ ತೋರಿಸಿದ್ದ ಕೆಲಸವದು. 1919ರಲ್ಲಿ ಲು ಷುನ್ ಬರೆದ ಒಂದು ಕಥೆಯಲ್ಲಿ, ಜೀವನವಿಡೀ ಗ್ರಂಥ ಓದಿ ನಪಾಸಾದವನೊಬ್ಬ ಹೆಂಡದಂಗಡಿಯಲ್ಲಿ ನಗೆಪಾಟಲಾಗುತ್ತಾನೆ. ಒಂದು ಅಕ್ಷರವನ್ನು ನಾಲ್ಕು ಬಗೆಯಲ್ಲಿ ಬರೆಯುವುದು ಅವನಿಗೆ ಗೊತ್ತು, ಬದುಕುವುದು ಗೊತ್ತಿಲ್ಲ.

ಇನ್ನು ನಮ್ಮ ಮನೆಯ ಮಾತು. ಕಲ್ಯಾಣದ ಶರಣರೂ ಚೆದುರಿ ಹೋಗಬೇಕಾಯಿತು. ಓಲೆಗರಿಗಳಲ್ಲಿ ಅಡಗಿದ್ದ ಅವರ ಮಾತನ್ನು ಫ.ಗು. ಹಳಕಟ್ಟಿಯವರು ಹುಡುಕಿ, 1923ರಲ್ಲಿ 'ವಚನಶಾಸ್ತ್ರಸಾರ'ವಾಗಿ ಅಚ್ಚು ಹಾಕಿಸಿದರು. ನೂರು ವರ್ಷ ಕಳೆದಿವೆ. ಇಂದು ವಚನ ಗೋಡೆಯ ಮೇಲಿದೆ, ಮದುವೆ ಕರೆಯೋಲೆಯಲ್ಲಿದೆ, ಎರಡು ಅಂಕದ ಪ್ರಶ್ನೆಯಲ್ಲಿದೆ. ಜಾತಿಯನ್ನು ನಿರಾಕರಿಸುವ ವಚನ ಹೇಳಿ ಮಗು ಬಹುಮಾನ ಹಿಡಿದು ವೇದಿಕೆ ಇಳಿಯುತ್ತದೆ. ಅದೇ ಸಭಾಂಗಣದಲ್ಲಿ ನಾವು ಹಿರಿಯರು ವಧೂವರರ ಒಳಪಂಗಡ ಯಾವುದೆಂದು ವಿಚಾರಿಸುತ್ತಿರುತ್ತೇವೆ. ಮಗು ತಿರುಗಿ ಕೇಳಿದರೆ ನಮ್ಮಲ್ಲಿ ಉತ್ತರವಿದೆಯೇ? ಕೇಳುವುದಿಲ್ಲ ಎಂಬ ಧೈರ್ಯದಿಂದಲೇ ಕಂಠಪಾಠ ಮಾಡಿಸುತ್ತಿದ್ದೇವೆಯೇ? ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ನಿಂತ ನಿಲುವಿನಲ್ಲೇ ಪ್ರಶ್ನಿಸಿದ ಆಯ್ದಕ್ಕಿ ಲಕ್ಕಮ್ಮನ ಮಕ್ಕಳು ನಾವು. ಪ್ರಶ್ನೆಗೆ ಹೆದರುವುದು ನಮಗೆ ಸಲ್ಲದು.

ಆದ್ದರಿಂದ ಬಳಗಗಳಲ್ಲಿ, ಮಠಗಳ ಪೂಜ್ಯರಲ್ಲಿ ನನ್ನದೊಂದು ವಿನಂತಿ. ಕಂಠಪಾಠ ಬಿಡಬೇಡಿ, ಅಂಕ ಬಿಡಿ. ಪ್ರತಿ ಮಗು ಒಂದೇ ವಚನ ಹೇಳಲಿ, ಅದರ ಬಗ್ಗೆ ತನ್ನದೇ ಒಂದು ಪ್ರಶ್ನೆ ಕೇಳಲಿ, ವೇದಿಕೆಯ ಹಿರಿಯರು ಅಲ್ಲೇ ಉತ್ತರಿಸಲಿ. ಬಹುಮಾನ ಕೊಡುವುದಾದರೆ ಎಲ್ಲರಿಗೂ ಒಂದೇ ಪುಸ್ತಕ ಕೊಡಿ. ಶಿವಾಜಿನಗರದ ಉರ್ದು ಮನೆಮಾತಿನ ನೆರೆಯವರನ್ನು, ಹಲಸೂರಿನ ತಮಿಳು ಮನೆಮಾತಿನವರನ್ನು ಕರೆದು, ಅವರಿಗೆ ತಿಳಿಯುವ ಮಾತಿನಲ್ಲಿ ವಚನದ ಅರ್ಥ ಹೇಳಿ. ನಮ್ಮನ್ನು ಒಪ್ಪದ ಒಬ್ಬರನ್ನಾದರೂ ವೇದಿಕೆಗೆ ಕರೆಯಿರಿ. ಝು ಶಿ ಕರೆದಿದ್ದ. ಅನುಭವ ಮಂಟಪದ ವಾರಸುದಾರರಾದ ನಾವು ಅಷ್ಟಾದರೂ ಮಾಡಬೇಡವೇ?

ಮಕ್ಕಳು ಕೇಳಿದ ಪ್ರಶ್ನೆಗಳನ್ನು ಬರೆದು ಕಳಿಸಿ. ಬಹುಮಾನಿತರ ಪಟ್ಟಿಯ ಬದಲು ಅವನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ. ಉತ್ತರ ಬರೆಯುವ ಹೊಣೆ ದೊಡ್ಡವರಾದ ನಮ್ಮದು.



— ಸಂಪಾದಕ