ಮೇಸ್ತ್ರಿ ಕೆಲಸಕ್ಕೆ ಮೇಸ್ತ್ರಿಯೇ ಮಾರ್ಕ್ಸ್ ಹಾಕಿದರೆ ಹೇಗೆ?

ಮಂಡ್ಯ ಜಿಲ್ಲೆಯಲ್ಲಿ ಎಂಜಿನಿಯರ್ ಅಂದರೆ ದೇವರ ಸಮಾನ. ವಿಶ್ವೇಶ್ವರಯ್ಯನವರ ಫೋಟೊಗೆ ಹಾರ ಹಾಕ್ತೀವಿ, ಕನ್ನಂಬಾಡಿ ನೀರು ಕಂಡಾಗ ಕೈ ಮುಗೀತೀವಿ. ಆದರೆ ನಮ್ಮದೇ ಹೊಸ ಮನೆಯನ್ನು ಒಬ್ಬ ಎಂಜಿನಿಯರ್‌ಗೆ ತೋರಿಸೋದಿಲ್ಲ. ಇದೆಂಥ ಭಕ್ತಿ?

ವಾಸ್ತು ಹೇಳೋರಿಗೆ ತಟ್ಟೆಯಲ್ಲಿಟ್ಟು ದಕ್ಷಿಣೆ ಕೊಡ್ತೀವಿ. ಗೃಹಪ್ರವೇಶಕ್ಕೆ ಶಾಮಿಯಾನ, ನೆಂಟರಿಗೆ ಬಾಡೂಟ, ಅದಕ್ಕೆ ಸಾಲ. ಎಂಜಿನಿಯರ್ ಫೀಸು ಅಂದರೆ ಮಾತ್ರ, 'ಯಾಕೆ ದಂಡ? ನಮ್ಮ ಮೇಸ್ತ್ರಿಗೆ ಮೂವತ್ತು ವರ್ಷದ ಅನುಭವ' ಅಂತೀವಿ.

ಮೇಸ್ತ್ರಿಯ ಅನುಭವಕ್ಕೆ ಗೌರವ ಇರಲಿ. ಆದರೆ ಪರೀಕ್ಷೆ ಬರೆದವರೇ ಮಾರ್ಕ್ಸ್ ಹಾಕಿಕೊಂಡರೆ ಫೇಲಾಗೋರು ಯಾರು?

'ಪಂಚಾಯ್ತಿಯವರು ಬಂದು ಫೋಟೊ ತೆಗೆದರಲ್ಲ' ಅಂತೀರಾ? ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬರೋ 1.20 ಲಕ್ಷ ರೂಪಾಯಿ ಕಂತಿನಲ್ಲಿ ಬರುತ್ತೆ, ಹಂತ ಹಂತಕ್ಕೂ ಫೋಟೊ ಬೇಕು. ಆ ಫೋಟೊದಲ್ಲಿ ಗೋಡೆ ಎದ್ದಿದ್ದು ಕಾಣುತ್ತೆ. ಮೌಲ್ಡ್‌ಗೆ ಎಷ್ಟು ಸಿಮೆಂಟ್ ಬಿತ್ತು, ಕಂಬಿ ಎಷ್ಟು ದೂರಕ್ಕೆ ಕಟ್ಟಿದರು, ಎಂ-ಸ್ಯಾಂಡ್‌ನಲ್ಲಿ ಎಷ್ಟು ಧೂಳಿತ್ತು ಅನ್ನೋದು ಕಾಣಲ್ಲ.

2019ರ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಸತ್ತರು. ತನಿಖೆ, ಬಂಧನ ಎಲ್ಲಾ ಆಮೇಲೆ. ನಮ್ಮ ಹತ್ತು ಚದರದ ಮನೆ ಹಾಗೆ ಬೀಳದೇ ಇರಬಹುದು. ಆದರೆ ಎರಡನೇ ಮಳೆಗಾಲಕ್ಕೆ ತಾರಸಿ ಸೋರಿದರೆ, ಗದ್ದೆ ಬಯಲಿನ ಜೇಡಿ ಮಣ್ಣಲ್ಲಿ ಪಾಯ ಕುಸಿದು ಗೋಡೆ ಬಿರುಕು ಬಿಟ್ಟರೆ, ಸಾಲ ತೀರಿಸೋರು ನಾವೇ.

ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಮನೆ ತಪಾಸಣೆ ಮಾಡೋರಿಗೆ ಸರ್ಕಾರದ ಲೈಸೆನ್ಸ್ ಬೇಕು. ನಮ್ಮಲ್ಲಿ ಆ ಕೆಲಸಕ್ಕೆ ಅಂತ ಲೈಸೆನ್ಸೇ ಇಲ್ಲ. ಹಾಗಾಗಿ ಯಾರು ಬೇಕಾದರೂ ಗೋಡೆ ತಟ್ಟಿ 'ಗಟ್ಟಿಯಾಗಿದೆ' ಅಂದು ಹೋಗಬಹುದು. ಆರಿಸೋ ಹೊಣೆ ನಮ್ಮದೇ. ಕೇಳಬೇಕಾದ್ದು ನಾಲ್ಕು:

1. ಸಿವಿಲ್ ಡಿಪ್ಲೊಮಾ ಅಥವಾ ಬಿಇ ಆಗಿದೆಯಾ? ಸರ್ಟಿಫಿಕೇಟ್ ತೋರಿಸಿ.

2. ಮೇಸ್ತ್ರಿ, ಕಂಟ್ರಾಕ್ಟರ್ ಕಡೆಯವರಾ? ಹೌದಾದರೆ ಬೇಡ. ಫೀಸು ನಾವೇ ಕೊಡಬೇಕು.

3. ತಾರಸಿ ಹತ್ತಿ ನೀರು ನಿಲ್ಲಿಸಿ ನೋಡ್ತೀರಾ? ಕಾಂಕ್ರೀಟ್ ಗಟ್ಟಿತನ ಅಳೆಯೋ ರೀಬೌಂಡ್ ಹ್ಯಾಮರ್ ತರ್ತೀರಾ? ಅರ್ಥಿಂಗ್ ಪರೀಕ್ಷೆ ಮಾಡಿಸ್ತೀರಾ?

4. ಫೋಟೊ, ಸಹಿ ಸಮೇತ ವರದಿ ಬರೆದುಕೊಡ್ತೀರಾ? ಬಾಯಿ ಮಾತು ಸಾಲದು.

ಒಳ್ಳೆಯ ಎಂಜಿನಿಯರ್ ನಿಮ್ಮನ್ನೂ ಪ್ರಶ್ನೆ ಕೇಳ್ತಾರೆ. ಮೌಲ್ಡ್‌ಗೆ ಎಷ್ಟು ದಿನ ನೀರು ಕಟ್ಟಿದಿರಿ? ಚೀಲದ ಮೇಲೆ ಪಿಪಿಸಿ ಅಂತಿದ್ದರೆ ಕನಿಷ್ಠ 10 ದಿನ ಅನ್ನುತ್ತೆ ಭಾರತೀಯ ಮಾನಕ ಐಎಸ್ 456. ಮೂರೇ ದಿನಕ್ಕೆ ನೀರು ನಿಲ್ಲಿಸಿದ್ದರೆ ಮುಚ್ಚಿಡಬೇಡಿ, ಹೇಳಿ.

ಇನ್ನೂ ಪಾಯದಲ್ಲೇ ಇರೋರು ಕೊನೆಯವರೆಗೂ ಕಾಯಬೇಡಿ. ಮೌಲ್ಡ್ ಹಾಕೋ ಹಿಂದಿನ ದಿನ, ಕಂಬಿ ಕಣ್ಣಿಗೆ ಕಾಣುವಾಗಲೇ ಒಂದು ಸಲ ತೋರಿಸಿ. ಪ್ಲಾಸ್ಟರಿಂಗ್ ಆದಮೇಲೆ ಅರ್ಧ ತಪ್ಪು ಮುಚ್ಚಿಹೋಗಿರುತ್ತೆ. ಕೊನೇ ಕಂತನ್ನು ವರದಿ ಕೈಗೆ ಬಂದಮೇಲೇ ಕೊಡೋದು ಅಂತ ಮೊದಲೇ ಕರಾರು ಬರೆಸಿಕೊಳ್ಳಿ.

ಆ ವರದಿಯೇ ನಾಳೆ ಸಾಕ್ಷಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡೋದೂ ಸೇವೆಯೇ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಎಂಜಿನಿಯರ್ ಸಿಗಲ್ಲ ಅನ್ನೋದು ನೆಪ. ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು 1962ರಿಂದ ಇದೆ. ಮದ್ದೂರು, ಮಳವಳ್ಳಿ ರೈತರ ಮಕ್ಕಳೇ ಸಿವಿಲ್ ಓದಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಕಾಯ್ತಿದ್ದಾರೆ. ಅವರ ಊರಿನ ಮನೆಗಳನ್ನು ನೋಡೋರಿಲ್ಲ.

ಗ್ರಾಮ ಪಂಚಾಯ್ತಿಗಳು ಒಂದು ಕೆಲಸ ಮಾಡಲಿ. ಹೋಬಳಿಯ ಸಿವಿಲ್ ಎಂಜಿನಿಯರ್‌ಗಳ ಹೆಸರು, ಓದು, ಫೀಸು ಬರೆದು ನೋಟಿಸ್ ಬೋರ್ಡಿಗೆ ಹಾಕಲಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಿ. ಒಂದು ಹಾಳೆ, ನಾಲ್ಕು ಪಿನ್ನು ಸಾಕು. ಅದಕ್ಕೂ ಅನುದಾನ ಇಲ್ಲ ಅಂತಾರಾ ನೋಡೋಣ.